ಕೊನೆಯ ಹಲಗೆ

ನಾನು ರಾಯಚೂರಿನ ಟಾಕೀಸೊಂದರಲ್ಲಿ ಟಿಕೆಟ್ ಹರಿಯುತ್ತಿದ್ದಾಗ ಎದುರಿಗೇ ಒಬ್ಬಾತನ ಚಹಾದಂಗಡಿ. ಹೊಸ್ತಿಲಲ್ಲಿ ಕೊರೆದ ಸಂದಿಗೆ ಒಂದೊಂದಾಗಿ ಸೇರಿಸುವ ಹಲಗೆಗಳೇ ಅದರ ಬಾಗಿಲು. ಎರಡನೇ ಆಟ ಬಿಡುವ ಮೊದಲೇ ಅಂಗಡಿ ಮುಚ್ಚಬೇಕೆಂದು ಪೊಲೀಸರ ಕಟ್ಟಪ್ಪಣೆ. ಆತ ಒಂದು ಹಲಗೆ ಮಾತ್ರ ಬಿಟ್ಟು ಉಳಿದವನ್ನೆಲ್ಲ ಹಾಕಿ, ಆ ಕಿಂಡಿಯಿಂದ ಗ್ಲಾಸು ಚಾಚಿ ಕರೆಯುತ್ತಿದ್ದ: “ಇನ್ನಾ ಒಂದು ಹಲಗಿ ಬಾಕಿ ಅದ, ಬರ್ರಿ.”

ಎಪ್ಪತ್ತರ ದಶಕದ ಕೊನೆಗೆ ರಾತ್ರಿಯಿಡೀ ತೆರೆದಿಡಲು ಪರವಾನಗಿ ಸಿಕ್ಕಿತು. ಆತ ಹಲಗೆಗಳನ್ನೆಲ್ಲ ಇಟ್ಟಿಗೆ ಮೇಲೆ ಹಾಸಿ ಗಿರಾಕಿಗಳಿಗೆ ಬೆಂಚು ಮಾಡಿದ. ಮನೆಗೆ ಹೋಗುವುದೇ ಅಪರೂಪವಾಯಿತು. ಹೆಂಡತಿ ರೊಟ್ಟಿ ತಂದು, ಆ ಬೆಂಚಿನ ತುದಿಯಲ್ಲಿ ಕೂತು, ಆತನಿಗೆ ಪುರಸೊತ್ತಾಗುವುದನ್ನು ಕಾಯುತ್ತಿದ್ದಳು.

ಕೆಲವು ವರ್ಷಗಳ ಮೇಲೆ ಒಂದು ಮಧ್ಯಾಹ್ನ ಆಕೆ ತೀರಿಕೊಂಡ ಸುದ್ದಿ ಬಂತು. ಆತ ಗಿರಾಕಿಗಳನ್ನು ಎಬ್ಬಿಸಿ ಹಲಗೆ ಎತ್ತಿದ. ಕೂತವರ ಭಾರಕ್ಕೆ ಎಲ್ಲವೂ ಬಾಗಿಹೋಗಿದ್ದವು. ನಾನೂ ಕೈಹಚ್ಚಿದೆ, ಒಂದೂ ಸಂದಿಗೆ ಇಳಿಯಲಿಲ್ಲ.

“ಇವತ್ತರ ಮುಚ್ಚಬೇಕಲ್ರೀ,” ಎಂದ.

ಅಷ್ಟರಲ್ಲಿ ಮಾನ್ವಿ ಬಸ್ಸಿನಿಂದ ಇಳಿದವನೊಬ್ಬ, ತೆರೆದ ಅಂಗಡಿ ಕಂಡು ಒಳಬಂದು ಚಹಾ ಕೇಳಿದ. ಆತ ಹಲಗೆಯನ್ನು ಮತ್ತೆ ಇಟ್ಟಿಗೆ ಮೇಲಿಟ್ಟು, ಹೆಗಲ ಟವೆಲಿನಿಂದ ಒರೆಸಿ, “ಕೂಡ್ರಿ” ಎಂದ.