ಶೆರಿನ್ ಚೆಂಡು ಹಿಡಿದು ನಿಲ್ಲಲು ಕಲಿತದ್ದು

ಚೆಂಡು ಹಿಡಿಯುವುದನ್ನು ಶೆರಿನ್‌ಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮಂಗಳೂರಿನ ಕಾನ್ವೆಂಟಿನಲ್ಲಿ ಏಳು ವರ್ಷ ಥ್ರೋಬಾಲ್ ಆಡಿದವಳು. ಐರ್ಲೆಂಡಿನ ಸ್ಯಾಂಡಿಫರ್ಡಿನ ಆಫೀಸಿಗೆ ಸೇರಿದ ಮೊದಲ ಬೇಸಿಗೆ, ಪಾರ್ಕಿನಲ್ಲಿ ಹೆಂಗಸರು ಆಡುತ್ತಿದ್ದ ಮೊಟ್ಟೆಯಾಕಾರದ ಚೆಂಡು ತನ್ನತ್ತ ಹಾರಿಬಂದಾಗ, ಊಟದ ಡಬ್ಬಿ ಕೆಳಗಿಟ್ಟು, ನೆಗೆದು, ತಲೆಯ ಮೇಲೆಯೇ ಹಿಡಿದಳು.

"ಶನಿವಾರ ಬಾ," ಎಂದರು ಆ ಹೆಂಗಸರ ಕೋಚ್ ಲಾರ್ಕಿನ್. ಆಗ ಅವರಿಗೆ ಎಪ್ಪತ್ತಾರು. ಐವತ್ತರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ಸಣ್ಣ ಊರೊಂದರ ತಂಡಕ್ಕೆ ಆಡಿ, ಮಂಡಿ ಕೆಡಿಸಿಕೊಂಡು, ಹನ್ನೊಂದು ವರ್ಷ ಅದೇ ತಂಡಕ್ಕೆ ಕಲಿಸಿ, ಹೆಂಡತಿಯ ನಾಡೆಂದು ಐರ್ಲೆಂಡಿಗೆ ಬಂದವರು.

ಆಸ್ಟ್ರೇಲಿಯನ್ ಫುಟ್‌ಬಾಲಿನಲ್ಲಿ ಒದ್ದ ಚೆಂಡನ್ನು ನೆಲ ಮುಟ್ಟುವ ಮೊದಲೇ ಹಿಡಿದವರ ಮೈಮೇಲೆ ಯಾರೂ ಬೀಳುವಂತಿಲ್ಲ. ನಿಂತು, ನೋಡಿ, ಒದೆಯಬಹುದು. ಎಸೆಯುವುದು ಮಾತ್ರ ತಪ್ಪು. ಥ್ರೋಬಾಲಿನಲ್ಲಿ ಮೂರು ಸೆಕೆಂಡಿನೊಳಗೆ ಎಸೆಯದಿದ್ದರೆ ತಪ್ಪು. ಶೆರಿನ್ ಎಲ್ಲರಿಗಿಂತ ಎತ್ತರದಲ್ಲಿ ಹಿಡಿಯುತ್ತಿದ್ದಳು, ಮರುಕ್ಷಣ ಎಸೆದುಬಿಡುತ್ತಿದ್ದಳು. ಡನ್‌ಡಾಕ್ ಊರಿನಲ್ಲಿ ನಡೆದ ಸೆಮಿಫೈನಲ್‌ನಲ್ಲಿ ತಮ್ಮ ಗೋಲಿನ ಮುಂದೆಯೇ ಹಾಗೆ ಮಾಡಿದಳು. ಎದುರಾಳಿಗೆ ಫ್ರೀ ಕಿಕ್ ಸಿಕ್ಕಿತು, ತಂಡ ಸೋತಿತು.

"ಏನ್ ಮಾರಾಯ್ತಿ, ಕಾನ್ವೆಂಟಿನ ಸಿಸ್ಟರ್ ಶಿಳ್ಳೆ ಊದ್ತಾರೆ ಅನ್ಕೊಂಡ್ಯಾ?" ವಾಪಸಾಗುವಾಗ ಗಂಡ ರೋಯ್ಸ್ಟನ್ ಕಿಚಾಯಿಸಿದ.

"ಬಾಯ್ಮುಚ್ಕೊಂಡು ಕಾರ್ ಓಡ್ಸು. ಆಟ ಬಿಡ್ತೀನಿ ನಾನು."

ಬಿಡುವ ಮನಸ್ಸಿರಲಿಲ್ಲ. ಆ ದೇಶದಲ್ಲಿ ತನ್ನದೆನ್ನಲು ಅವಳಿಗಿದ್ದ ಜಾಗ ಆ ಮೈದಾನವೊಂದೇ. ಆದರೆ ಅವಳನ್ನು ತೆಗೆಯಿರಿ ಎಂದು ತಂಡದವರೇ ಲಾರ್ಕಿನ್‌ಗೆ ಹೇಳಿದ್ದರು. ಹೇಳಿದ್ದರಲ್ಲಿ ಅನ್ಯಾಯವೂ ಇರಲಿಲ್ಲ.

ಸೋಮವಾರ ಜರ್ಸಿ ಒಗೆದು, ಮಡಚಿ, ಹಿಂದಿರುಗಿಸಲು ಲಾರ್ಕಿನ್ ಮನೆಗೆ ಒಯ್ದಳು. ಅವರು ಕೈಚಾಚಲಿಲ್ಲ.

"ನಿನಗೆ ಈ ಅವಸರ ಕಲಿಸಿದ್ದು ಯಾರು?"

ಮೂರು ಸೆಕೆಂಡಿನ ಕತೆ ಹೇಳಿದಳು. ಲಾರ್ಕಿನ್ ಕೆಮ್ಮು ಬರುವಷ್ಟು ನಕ್ಕರು. "ಹಾಗಾದ್ರೆ ನೀನು ತಪ್ಪು ಆಡ್ತಿಲ್ಲ. ಬೇರೆ ಆಟವನ್ನ ಸರಿಯಾಗಿ ಆಡ್ತಿದ್ದೀಯ."

ಆ ಚಳಿಗಾಲದ ಪ್ರತಿ ಭಾನುವಾರ ಅವರು ಕುಂಟುತ್ತಲೇ ಚೆಂಡು ಒದ್ದರು. ಅವಳು ಹಿಡಿದು ನಿಂತು, ಎದುರಿಗೆ ಕಂಡದ್ದನ್ನೆಲ್ಲ ಹೇಳಬೇಕು.

"ಮರ. ಬೆಂಚು. ನಾಯಿ. ನಾಯಿ ಹಿಂದೆ ಓಡ್ತಿರೋ ಹೆಂಗಸು."

"ನಾಯಿ ಯಾವ ಬಣ್ಣ?"

"ಕಂದು."

"ಗ್ರ್ಯಾಂಡ್. ಈಗ ಒದಿ."

ಮುಂದಿನ ಋತುವಿನಲ್ಲಿ ಅವಳು ಒಂದು ಸಲವೂ ಎಸೆಯಲಿಲ್ಲ. ಒಂಬತ್ತು ವರ್ಷ ಆಡಿದಳು. ಲಾರ್ಕಿನ್ ಕೋಚ್ ಕೆಲಸ ಬಿಟ್ಟಾಗ, ಅವಳನ್ನು ತೆಗೆಯಿರಿ ಎಂದಿದ್ದ ಹೆಂಗಸರೇ ಬಂದು ನೀನೇ ಕೋಚ್ ಆಗು ಎಂದರು; ಒಪ್ಪಿಕೊಂಡಳು. ಸಾಧಾರಣ ಕೋಚ್ ಒಬ್ಬರು ತಂಡದ ಸೋಲಿಗೆ ಕಾರಣಳಾದ ಆಟಗಾರ್ತಿಯನ್ನು ಸುಮ್ಮನೆ ಬದಲಿಸುತ್ತಿದ್ದರು ಎಂಬುದು ಅವಳಿಗೆ ಗೊತ್ತಿತ್ತು. ಅದನ್ನೇ ಹೇಳಲು ಲಾರ್ಕಿನ್‌ಗೆ ಫೋನ್ ಮಾಡಿದಳು.

"ನೀವಿಲ್ದಿದ್ರೆ ನಾನು..."

"ಅದೆಲ್ಲ ಇರಲಿ. ಶನಿವಾರದ ತಂಡದ ಪಟ್ಟಿ ಓದು."

ಓದಿದಳು. ಅವರು ಇಬ್ಬರ ಬಗ್ಗೆ ತಕರಾರು ತೆಗೆದರು. ಒಬ್ಬಳನ್ನು ಬದಲಿಸಿದಳು, ಇನ್ನೊಬ್ಬಳನ್ನು ಬಿಟ್ಟುಕೊಡಲಿಲ್ಲ.