ಪೂಜೆಯಾದ ಹೊಸ್ತಿಲು

ಸಿಂದಗಿಯಲ್ಲಿ ನಾನು ಕಟ್ಟಿಸಿದ ಹೊಲಿಗೆ ತರಬೇತಿ ಕೇಂದ್ರಕ್ಕೆ, ಅಂಗವಿಕಲರೂ ಸಲೀಸಾಗಿ ಬಂದುಹೋಗಬಹುದು ಎಂಬ ಪ್ರಮಾಣಪತ್ರ ಬೇಕಿತ್ತು. ಅದಿಲ್ಲದೆ ತರಗತಿ ಶುರು ಮಾಡುವಂತಿರಲಿಲ್ಲ. ನಿಯಮದ ಪುಸ್ತಕ ತರಿಸಿ, ನಾನೇ ಓದಿ, ಎದುರು ನಿಂತು ಇಳಿಜಾರು ಕಟ್ಟಿಸಿದ್ದೆ. ತಪಾಸಣೆಗೆ ಬಂದ ಅಧಿಕಾರಿ ಜೀಪಿನಿಂದ ಗಾಲಿಕುರ್ಚಿ ಇಳಿಸಿದರು.

"ಇದರಾಗ ಯಾರ್ ಕೂಡ್ತೀರಿ?"

"ನಾನ ಕೂಡ್ತೇನಿ" ಎಂದೆ.

ಇಳಿಜಾರನ್ನು ಸರಾಗವಾಗಿ ಏರಿದೆ. ಬಾಗಿಲಲ್ಲಿ ಗಾಲಿ ಗಕ್ಕನೆ ನಿಂತಿತು. ಮುಂದೆ, ನಿನ್ನೆಯಷ್ಟೇ ನಾನು ಅರಿಸಿನ ಕುಂಕುಮ ಹಚ್ಚಿದ್ದ ಎತ್ತರದ ಹೊಸ್ತಿಲು.

"ಇದನ್ನ ಯಾರ್ ಇಡಾಕ ಹೇಳಿದ್ರು, ಅಕ್ಕಾರ?"

"ಯಾರರ ಹೇಳಬೇಕೇನ್ರಿ? ಬಾಗಲಾ ಅಂದಮ್ಯಾಗ ಹೊಸ್ತಿಲಾ ಇರೂದ."

"ಪುಸ್ತಕದಾಗ ಇಲ್ಲಲ್ರಿ. ಸಂಜೀಕ ಮತ್ತ ಬರ್ತೇನಿ, ನೋಡ್ರಿ."

ಹೊಸ್ತಿಲು ತೆಗೆಯಲು ಕರೆಸಿದ ಬಡಿಗ ಮಲ್ಲಪ್ಪ, ಕುಂಕುಮ ಕಂಡು ಗರಗಸ ಕೆಳಗಿಟ್ಟು ಹಿಂದೆ ಸರಿದ. "ಪೂಜಿ ಆದದ್ದು ಕೊಯ್ಯಾಂಗಿಲ್ರಿ. ಆ ಪಾಪ ನನಗ ಬ್ಯಾಡ."

"ನನಗಿರಲಿ ಬಿಡು" ಎಂದು ಗರಗಸ ಎತ್ತಿಕೊಂಡೆ. ಎರಡೂ ತುದಿ ನಾನೇ ಕೊಯ್ದೆ. ಹೊಸ್ತಿಲು ಕಿತ್ತು ಬಂದಮೇಲೆ ಒಮ್ಮೆ ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟೆ.

ಸಂಜೆ ನಾನು ಕೂತ ಕುರ್ಚಿ ಸೀದಾ ಒಳಗೆ ಹೋಯಿತು. ಅದರ ಹಿಂದೆ ಬಂದ ಅಧಿಕಾರಿ, ಇಲ್ಲದ ಹೊಸ್ತಿಲನ್ನು ಕಾಲೆತ್ತಿ ದಾಟಿ, ಪ್ರಮಾಣಪತ್ರಕ್ಕೆ ಸಹಿ ಹಾಕಿದರು. ನಾನು ನಗಲಿಲ್ಲ. ಇವತ್ತಿಗೂ ನಾನು ಅಲ್ಲಿ ಕಾಲೆತ್ತಿಯೇ ಒಳಗೆ ಹೋಗುತ್ತೇನೆ.