ಊರಿನ ನೀರು ನಿಲ್ಲಿಸಿದ ನಲ್ಲಿಯಕ್ಕ

ಬೆಳಗಿನ ಐದೂವರೆ. ಮೊಣಕಾಲುದ್ದದ ತೊರೆ ನೀರಿನಲ್ಲಿ ನಿಂತ ನಲ್ಲಿಯಕ್ಕ ಕಬ್ಬಿಣದ ಜಾಲರಿಯನ್ನು ಎತ್ತಿ, ಸಿಕ್ಕಿಕೊಂಡ ಎಲೆ ಕಡ್ಡಿಗಳನ್ನು ಕೆರೆದು ತೆಗೆಯುತ್ತಾರೆ. ಕಸದ ನಡುವೆ ಏನೋ ಮಿಸುಕುತ್ತದೆ. ಅರ್ಧ ಬೆಂಕಿಕಡ್ಡಿಯಷ್ಟಿರುವ ಹುಳು, ಬಾಲದ ತುದಿಯಲ್ಲಿ ಎಲೆಯಂಥ ಮೂರು ಪುಟಾಣಿ ಕಿವಿರು. ಬೆರಳಿನಿಂದ ಎತ್ತಿ ನೀರಿಗೆ ಬಿಡುತ್ತಾರೆ.

"ಹೋಗೇ ತಾಯಿ, ರೆಕ್ಕೆ ಬಂದ್ಮೇಲೆ ಬಾ."

ಅದು ಸೂಜಿಚಿಟ್ಟೆಯ ಮರಿ. ಏರೋಪ್ಲೇನ್ ಚಿಟ್ಟೆಯ ನೆಂಟ, ಮೈ ಮಾತ್ರ ಸೂಜಿಯಷ್ಟು ಸಪೂರ. ಹರಿಯುವ ಶುದ್ಧ ನೀರಿನಲ್ಲಲ್ಲದೆ ಬೇರೆಲ್ಲೂ ಈ ಜಾತಿ ಬಾಳುವುದಿಲ್ಲ.

ಇಲ್ಲಿಂದ ಹನ್ನೊಂದು ಸಾವಿರ ಮನೆಗಳಿಗೆ ಕುಡಿಯುವ ನೀರು ಹೋಗುತ್ತದೆ. ದಿನಕ್ಕೆರಡು ಸಲ ಇನ್ನೂರಹನ್ನೆರಡು ಮೆಟ್ಟಿಲು ಇಳಿದು ಮೂರು ಜಾಲರಿ ತೊಳೆಯುವುದು ಇವರ ಕೆಲಸ. ಹತ್ತೊಂಬತ್ತು ವರ್ಷದಲ್ಲಿ ಎರಡು ಸಲ ಜಾರಿ ಬಿದ್ದು ಮಣಿಕಟ್ಟು ಮುರಿದಿದೆ. ಬೆರಳ ಸಂದುಗಳ ಬಿರುಕು ಮಾಯುವುದೇ ಇಲ್ಲ.

ನಾಲ್ಕು ವರ್ಷದ ಹಿಂದೆ ಒಂದು ಬೆಳಗ್ಗೆ ಜಾಲರಿ ತುಂಬ ಸತ್ತ ಮರಿಗಳು. "ನೀರು ಕನ್ನಡಿ ಥರ ಇತ್ತು. ವಾಸ್ನೆ ಇಲ್ಲ, ಬಣ್ಣ ಇಲ್ಲ. ಆದ್ರೂ ಒಂದು ಹುಳಾನೂ ಮಿಸುಕ್ಲಿಲ್ಲ" ಎನ್ನುತ್ತಾರೆ.

ನೀರು ನಿಲ್ಲಿಸಬೇಕು ಎಂದು ಇಲಾಖೆಯ ಇಂಜಿನಿಯರ್‌ಗೆ ಫೋನ್ ಮಾಡಿದರು. "ಹುಳ ಸತ್ತಿದ್ದಕ್ಕೆ ಊರಿಗೇ ನೀರು ನಿಲ್ಲಿಸ್ತೀರಾ? ಕೆಲ್ಸ ಬೇಕೋ ಬೇಡ್ವೋ?" ಎಂದು ಆತ ರೇಗಿದ.

"ಕೆಲ್ಸ ಹೋದ್ರೆ ಮಗಳ ಓದಿನ ಗತಿ ಏನು ಅಂತ ಒಂದ್ಕಡೆ. ಅವಳು ಕುಡಿಯೋದೂ ಇದೇ ನೀರಲ್ವಾ ಅಂತ ಇನ್ನೊಂದ್ಕಡೆ." ಊರಿಗೆ ಹೋಗುವ ಕೊಳವೆಯ ದೊಡ್ಡ ಚಕ್ರವನ್ನು ಮೂವತ್ತೆಂಟು ಸುತ್ತು ತಿರುಗಿಸಿ ನೀರು ಬಂದ್ ಮಾಡಿಯೇಬಿಟ್ಟರು.

ಊರಿಗೆ ಊರೇ ಬೈಯಿತು. ಮಧ್ಯಾಹ್ನದ ಹೊತ್ತಿಗೆ ತೊರೆಯ ಮೇಲ್ಭಾಗದಲ್ಲಿ ಯಾರೋ ನೀರಿಗೆ ಸುರಿದು ಎಸೆದುಹೋಗಿದ್ದ ಕೀಟನಾಶಕದ ಡ್ರಮ್ಮುಗಳು ಸಿಕ್ಕವು. ಸಂಜೆ ಪರೀಕ್ಷೆಯ ವರದಿಯೂ ಬಂತು: ನೀರಿನಲ್ಲಿ ವಿಷ. ಒಬ್ಬರಿಗೂ ಏನೂ ಆಗಲಿಲ್ಲ.

"ಮಾರನೇ ದಿನ ಇಂಜಿನಿಯರ್ ಸಾಹೇಬ್ರು ಬಂದ್ರು. ಪ್ಯಾಂಟ್ ಮಡಚ್ಕೊಂಡು ನೀರಿಗಿಳಿದು ನನ್ಜೊತೆ ಜಾಲರಿ ತೊಳೆದ್ರು."

ತೊರೆಗೆ ಮರಿಗಳು ಮರಳಲು ಹದಿನಾಲ್ಕು ತಿಂಗಳೇ ಬೇಕಾಯಿತು. ಈಗ ಇಲಾಖೆಯ ದಿನಚರಿ ಪುಸ್ತಕದಲ್ಲಿ 'ಹುಳು' ಎಂಬ ಹೊಸ ಕಾಲಂ ಇದೆ. ಇವತ್ತಿನ ತಾರೀಖಿನ ಮುಂದೆ ನಲ್ಲಿಯಕ್ಕ ದುಂಡಗೆ ಬರೆಯುತ್ತಾರೆ: ನಲವತ್ತಾರು, ಎಲ್ಲಾ ಜೀವಂತ.

ಇನ್ನೆರಡು ವರ್ಷಕ್ಕೆ ನಿವೃತ್ತಿ. ಏನಾದರೂ ಆಸೆ ಇದೆಯಾ ಎಂದರೆ ಪೆನ್ನಿನ ಮುಚ್ಚಳ ಹಾಕುತ್ತಾ ನಗುತ್ತಾರೆ.

"ಸನ್ಮಾನ ಗಿನ್ಮಾನ ಏನೂ ಬೇಡಪ್ಪ. ನನ್ನ ನಂತರ ಬರೋರು ಈ ಕಾಲಂ ಖಾಲಿ ಬಿಡದಿದ್ರೆ ಸಾಕು."